‘ಲೈನ್’ ಎಂಬ ಪದ ಮತ್ತು ನಮ್ಮ ಮನೆಗಳು

ಎಂಟನೇ ತರಗತಿಯ ಇಂಗ್ಲಿಷ್ ಪೀರಿಯಡ್. ನಮ್ಮ ಕಾಲದಲ್ಲಿ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೇ ತರಗತಿಯಿಂದ. ಹಾಗಾಗಿ ಹೈಸ್ಕೂಲಿಗೆ ಬಂದಾಗ ಆ ಭಾಷೆಯೊಡನೆ ನಮಗಿದ್ದ ಪರಿಚಯ ಮೂರು ವರ್ಷದ್ದು ಮಾತ್ರ. ನಮ್ಮ ಇಂಗ್ಲಿಷ್ ಮೇಷ್ಟ್ರು ದಿನಕ್ಕೊಂದು ಸುಲಭ ಪದವನ್ನು ಬೋರ್ಡಿನ ಮೇಲೆ ಬರೆದು ಅದರ ಅರ್ಥ, ಸಮಾನಾರ್ಥಕ ಪದ, ಸ್ವಂತ ವಾಕ್ಯದಲ್ಲಿ ಪ್ರಯೋಗ ಈ ಮೂರನ್ನೂ ಕೇಳುತ್ತಿದ್ದರು. ಅವತ್ತಿನ ಪದ ‘ಲೈನ್’.

ಸುಲಭದ ಪದವಾದ್ದರಿಂದ ಕೈಗಳು ಬೇಗ ಮೇಲೆದ್ದವು. ಒಬ್ಬ ‘ಗೆರೆ’ ಎಂದ. ಒಬ್ಬಳು ‘ಸಾಲು’ ಎಂದಳು. ಮೆಸ್ಕಾಂ ನೌಕರರ ಮಗನೊಬ್ಬ ‘ಕರೆಂಟು’ ಎಂದಾಗ ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ, ಅದನ್ನೂ ಬೋರ್ಡಿನ ಮೇಲೆ ಬರೆದರು. ನನ್ನನ್ನು ಎಬ್ಬಿಸಿದಾಗ ನಾನು ಗಣಿತದ ಪುಸ್ತಕದಿಂದ ‘ಸರಳ ರೇಖೆ’ ಎಂಬ ಉತ್ತರ ತೆಗೆದುಕೊಟ್ಟು ಕುಳಿತೆ. ಆದರೆ ಬಾಯಿಯ ತನಕ ಬಂದಿದ್ದ ಅರ್ಥ ಬೇರೆಯೇ ಆಗಿತ್ತು. ಬೆಳಿಗ್ಗೆ ಗಂಜಿ ಕುಡಿದು, ತೋಟದ ದಾರಿಯಲ್ಲಿ ಜಿಗಣೆ ಕಿತ್ತುಕೊಳ್ಳುತ್ತಾ ನಾನು ಹೊರಟು ಬಂದದ್ದು ಲೈನಿನಿಂದ. ಸಂಜೆ ವಾಪಸು ಹೋಗಬೇಕಾದದ್ದೂ ಲೈನಿಗೇ. ನನ್ನ ಬೆಂಚಿನಲ್ಲಿದ್ದ ಇನ್ನಿಬ್ಬರೂ ಲೈನಿನವರೇ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ‘ಲೈನ್ ಅಂದ್ರೆ ನಮ್ಮನೆ ಸಾರ್’ ಎಂದು ಯಾರೂ ಹೇಳಲಿಲ್ಲ.

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ, ಅಂದು ಕೊಡದೆ ಉಳಿಸಿಕೊಂಡ ಆ ಉತ್ತರ ನೆನಪಾಯಿತು. ತಡವಾಗಿಯಾದರೂ ಅದನ್ನು ಬರೆಯುತ್ತಿದ್ದೇನೆ.

ಮೊದಲು ಪದದ ಮೂಲವನ್ನು ನೋಡೋಣ. ಇಂಗ್ಲಿಷಿನ ‘ಲೈನ್’ ಲ್ಯಾಟಿನ್ ಭಾಷೆಯ ‘ಲಿನಿಯಾ’ ಎಂಬ ಪದದಿಂದ ಬಂದದ್ದು. ಲಿನಿಯಾ ಎಂದರೆ ಅಗಸೆ ನಾರಿನ ದಾರ. ಅಗಸೆ ಗಿಡಕ್ಕೆ ಆ ಭಾಷೆಯಲ್ಲಿ ‘ಲೈನಮ್’ ಎಂದು ಹೆಸರು. ನಾವು ಅಂಗಡಿಯಲ್ಲಿ ಕೊಳ್ಳುವ ಲಿನನ್ ಬಟ್ಟೆ, ದರ್ಜಿಯವರು ಕೋಟಿನ ಒಳಗೆ ಹಾಕುವ ಲೈನಿಂಗ್ ಬಟ್ಟೆ, ಎರಡೂ ಅದೇ ಮೂಲದವು. ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ನೇರ ಗೆರೆ ಸಿಗುತ್ತದೆ. ಗಾರೆ ಕೆಲಸದವರು ಇಂದಿಗೂ ಗೋಡೆ ಕಟ್ಟುವ ಮುಂಚೆ ದಾರ ಹಿಡಿಯುತ್ತಾರೆ. ಹೀಗೆ ದಾರ ಗೆರೆಯಾಯಿತು, ಗೆರೆ ಸಾಲಾಯಿತು, ಸಾಲು ದಾರಿಯಾಯಿತು, ವಂಶವಾಯಿತು, ಪದ್ಯದ ಪಾದವಾಯಿತು.

ನಮ್ಮೂರಿಗೆ ಬಂದ ಮೇಲೆ ಇದರ ಅರ್ಥಗಳು ಇನ್ನೂ ಹೆಚ್ಚಾದವು. ಮಳೆಗಾಲದಲ್ಲಿ ಮರ ಬಿದ್ದರೆ ‘ಲೈನ್ ಕಟ್ಟಾಗಿದೆ’ ಎನ್ನುತ್ತೇವೆ, ಅಲ್ಲಿ ಲೈನ್ ಎಂದರೆ ವಿದ್ಯುತ್ ತಂತಿ. ‘ಆ ಲೈನಲ್ಲಿ ಸಾಯಂಕಾಲದ ಮೇಲೆ ಬಸ್ಸಿಲ್ಲ’ ಎಂದರೆ ಮಾರ್ಗ. ‘ಲೈನ್ ಸಿಗ್ತಾ ಇಲ್ಲ ಮಾರಾಯ’ ಎಂದರೆ ಫೋನಿನ ಸಂಪರ್ಕ. ಪ್ರಾರ್ಥನೆಯ ಹೊತ್ತಿಗೆ ಪಿ.ಟಿ. ಮೇಷ್ಟ್ರು ‘ಲೈನ್ ಸರಿ ಮಾಡ್ಕೊಳ್ರೋ’ ಎಂದು ಕೂಗಿದರೆ ಸಾಲು. ನ್ಯಾಯಬೆಲೆ ಅಂಗಡಿಯ ಮುಂದೆ ಅದೇ ಸರತಿ. ಚಿಕ್ಕಮಗಳೂರಿನವರು ದಶಕಗಳ ಕಾಲ ಕೇಳುತ್ತಾ ಬಂದ ರೈಲ್ವೆ ಲೈನ್ 2013ರ ನವೆಂಬರಿನಲ್ಲಿ ಕಡೂರಿನಿಂದ ಅಲ್ಲಿಯ ತನಕ ಬಂತು. ಮೂಡಿಗೆರೆ, ಕಳಸದ ಕಡೆಗೆ ಆ ಲೈನ್ ಇನ್ನೂ ಬಂದಿಲ್ಲ. ಹೊಸ ಕಾಫಿ ಗಿಡ ನೆಡುವಾಗ ಹಗ್ಗ ಹಿಡಿದು, ಗೂಟ ಹೊಡೆದು ಸಾಲು ಗುರುತು ಮಾಡುವುದಕ್ಕೂ ಲೈನ್ ಎಂದೇ ಹೆಸರು. ಪದದ ಹುಟ್ಟಿಗೆ ಅತಿ ಹತ್ತಿರವಾದ ಬಳಕೆ ಇದೇ, ಏಕೆಂದರೆ ಇಲ್ಲಿ ನಿಜವಾಗಿಯೂ ದಾರವಿದೆ.

ಇವೆಲ್ಲಕ್ಕೂ ಕನ್ನಡದಲ್ಲಿ ಸಮಾನಾರ್ಥಕ ಪದಗಳಿವೆ: ಗೆರೆ, ಸಾಲು, ತಂತಿ, ಮಾರ್ಗ, ಸರತಿ, ಪಂಕ್ತಿ, ಹಳಿ. ಒಂದು ಅರ್ಥಕ್ಕೆ ಮಾತ್ರ ಜನ ಬೇರೆ ಮಾತು ಬಳಸುವುದಿಲ್ಲ, ಅದು ಲೈನ್ ಮನೆ. ಪುಸ್ತಕದಲ್ಲಿ ‘ಸಾಲುಮನೆ’ ಎಂದು ಬರೆಯಬಹುದು, ಆದರೆ ನಾನು ಬೆಳೆದ ತೋಟದಲ್ಲಿ ಹಾಗೆ ಹೇಳಿದವರನ್ನು ನಾನು ಕೇಳಿಲ್ಲ. ‘ಮೇಲಿನ ಲೈನ್’, ‘ಕೆಳಗಿನ ಲೈನ್’, ‘ಹೊಸ ಲೈನ್’ ಎಂದೇ ಎಲ್ಲರ ಬಾಯಲ್ಲಿ. ಸಾಲು ಎಂಬ ಅರ್ಥದ ಪದ ಮನೆ ಎಂಬ ಅರ್ಥಕ್ಕೆ ಬಂದದ್ದು ಹೇಗೆ?

ಇದು ಸೈನ್ಯದಿಂದ ಬಂದ ಬಳಕೆ. ಬ್ರಿಟಿಷರ ಸೈನ್ಯದಲ್ಲಿ ಡೇರೆಗಳನ್ನು ಸಾಲಾಗಿ ಹೊಡೆಯುತ್ತಿದ್ದರು. ಭಾರತೀಯ ಸಿಪಾಯಿಗಳಿಗೆ ಸಾಲಾಗಿ ಗುಡಿಸಲು ಕಟ್ಟಿಸಿ ಆ ಜಾಗಕ್ಕೆ ‘ಲೈನ್ಸ್’ ಎಂದರು. ಉತ್ತರ ಭಾರತದ ಊರುಗಳಲ್ಲಿ ಉಳಿದುಕೊಂಡಿರುವ ಸಿವಿಲ್ ಲೈನ್ಸ್, ಪೊಲೀಸ್ ಲೈನ್ಸ್ ಎಂಬ ಹೆಸರುಗಳು ಆ ಕಾಲದವು. ಹೆಚ್ಚು ಜನರನ್ನು ಕಡಿಮೆ ಖರ್ಚಿನಲ್ಲಿ ಒಂದೆಡೆ ಇರಿಸಿ, ಬೆಳಿಗ್ಗೆ ಒಟ್ಟಿಗೆ ಎಬ್ಬಿಸಿ ಹಾಜರಿ ಹಾಕಬೇಕಾದ ಕಡೆಗಳಿಗೆಲ್ಲ ಈ ಮಾದರಿ ಹೋಯಿತು. ಕರಾರಿನ ಮೇಲೆ ಭಾರತೀಯ ಕೂಲಿಗಳನ್ನು ಸಾಗಿಸಿದ ಫಿಜಿಯ ಕಬ್ಬಿನ ತೋಟಗಳಲ್ಲಿ, ಸಿಲೋನಿನ ಮತ್ತು ಅಸ್ಸಾಮಿನ ಚಹಾ ತೋಟಗಳಲ್ಲಿ ‘ಕೂಲಿ ಲೈನ್’ಗಳು ಎದ್ದವು. ನಮ್ಮ ಗುಡ್ಡಗಳಲ್ಲಿಯೂ ಎದ್ದವು.

ಇಲ್ಲಿ ಕಾಫಿ ಲೈನಿಗಿಂತ ಹಳೆಯದು. ಬಾಬಾಬುಡನ್ ಅವರು ಯೆಮೆನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಎಂಬ ಪ್ರತೀತಿ ಎಲ್ಲರಿಗೂ ಗೊತ್ತು. ಬಹಳ ಕಾಲ ಕಾಫಿ ಗಿಡ ಹಿತ್ತಲಿನ ಗಿಡವಾಗಿತ್ತು, ಮನೆಯವರೇ ಕೊಯ್ದುಕೊಳ್ಳುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಕ್ಯಾನನ್ ಎಂಬ ಯುರೋಪಿಯನ್ ಬಾಬಾಬುಡನ್ ಗಿರಿಯ ದಕ್ಷಿಣಕ್ಕೆ ತೋಟ ಮಾಡಿದ. ಅವನ ಹಿಂದೆ ಬೇರೆ ಪ್ಲಾಂಟರುಗಳು ಬಂದರು. 1850ರ ದಶಕದಲ್ಲಿ ಮಂಜರಾಬಾದಿನ ಸೀಮೆಗೆ, ಅಂದರೆ ಇಂದಿನ ಸಕಲೇಶಪುರದ ಕಡೆಗೆ, ಬಂದ ರಾಬರ್ಟ್ ಎಲಿಯಟ್ ಎಂಬಾತ ತನ್ನ ಮೈಸೂರು ಕಾಡಿನ ಅನುಭವಗಳನ್ನು 1871ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದ. ಆಗ ನಮ್ಮದು ಕಡೂರು ಜಿಲ್ಲೆ, ಚಿಕ್ಕಮಗಳೂರು ಜಿಲ್ಲೆ ಎಂಬ ಹೆಸರು ಬಂದದ್ದು ಸ್ವಾತಂತ್ರ್ಯದ ಹೊತ್ತಿಗೆ. ಸ್ಥಳೀಯ ಗೌಡರೂ ಜಮೀನ್ದಾರರೂ ಕಾಡು ಕಡಿದು ತೋಟ ಮಾಡಿದರು.

ಹಿತ್ತಲಿನ ಗಿಡ ನೂರಾರು ಎಕರೆಯ ತೋಟವಾದಾಗ ಮನೆಯವರ ಕೈ ಸಾಲದು. ಕಾಫಿ ಹಣ್ಣಾಗುವುದು ಒಟ್ಟಿಗೆ, ಕೊಯ್ಲಿನ ಎರಡು ಮೂರು ತಿಂಗಳಲ್ಲಿ ಆಳು ಸಿಗದಿದ್ದರೆ ಫಸಲು ನೆಲಕ್ಕೆ ಉದುರುತ್ತದೆ. ಮಲೆನಾಡಿನಲ್ಲಿ ಜನ ಕಡಿಮೆ, ಮಲೇರಿಯಾ ಹೆಚ್ಚು. ಆಳುಗಳು ಬರುತ್ತಿದ್ದುದು ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದ, ತಮಿಳು ಸೀಮೆಯಿಂದ, ಬಯಲುಸೀಮೆಯಿಂದ. ಕರೆತರುವವನು ಸೇರೆಗಾರ ಅಥವಾ ಮೇಸ್ತ್ರಿ. ಅವನು ಮೊದಲೇ ಮುಂಗಡ ಕೊಟ್ಟು ಜನರನ್ನು ಗೊತ್ತುಮಾಡುತ್ತಿದ್ದ. ನಮ್ಮ ಅಜ್ಜ ಚಾರ್ಮಾಡಿ ಘಾಟಿ ಹತ್ತಿ ಬಂದದ್ದು ಹೀಗೆಯೇ. ಮೊದಲು ಕೊಯ್ಲಿಗೆ ಮಾತ್ರ ಬಂದು ಮಳೆಗೆ ಮುಂಚೆ ಇಳಿದು ಹೋಗುತ್ತಿದ್ದವರು ಒಂದು ವರ್ಷ ಇಳಿಯಲಿಲ್ಲ. ಅಜ್ಜಿ ಕೊನೆಯ ತನಕ ತುಳುವಿನಲ್ಲೇ ಬಯ್ಯುತ್ತಿದ್ದರು.

ಮುಂಗಡ ಪಡೆದವನು ಕೆಲಸ ಬಿಟ್ಟು ಹೋದರೆ ಏನಾಗುತ್ತಿತ್ತು? ದಕ್ಷಿಣ ಭಾರತದ ಪ್ಲಾಂಟರುಗಳ ಕೈಯಲ್ಲಿ 1859ರ ಕರಾರು ಭಂಗ ಕಾಯ್ದೆ ಇತ್ತು. ಮುಂಗಡ ತೆಗೆದುಕೊಂಡು ಕೆಲಸ ಮಾಡದವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ಹಣ ಕೊಡು ಇಲ್ಲವೇ ಕೆಲಸ ಮಾಡು ಎಂಬ ಆಜ್ಞೆಯಾಗುತ್ತಿತ್ತು. ಮೀರಿದರೆ ಮೂರು ತಿಂಗಳ ತನಕ ಸೆರೆಮನೆ. ಬ್ರಿಟಿಷ್ ಭಾರತದಲ್ಲಿ ಈ ಕಾಯ್ದೆಯನ್ನು ರದ್ದು ಮಾಡಿದ್ದು 1925ರಲ್ಲಿ ಬಂದ ಕಾನೂನು. ಲೈನ್ ಕಟ್ಟಿಸಿದ ಕಾಲವನ್ನು ತಿಳಿಯಬೇಕಾದರೆ ಇದನ್ನೂ ತಿಳಿದಿರಬೇಕು. ಅದು ಕೇವಲ ಮಳೆಯಿಂದ ಕಾಪಾಡುವ ಸೂರಲ್ಲ, ಯಾರು ಇದ್ದಾರೆ, ಯಾರು ಹೋದರು ಎಂಬುದು ಒಂದು ನೋಟಕ್ಕೆ ಕಾಣುವ ಏರ್ಪಾಡು.

ಲೈನ್ ನೋಡದವರಿಗಾಗಿ ಒಂದು ಮಾತು. ಉದ್ದಕ್ಕೆ ಒಂದೇ ಕಟ್ಟಡ, ಒಂದೇ ಮಾಡು, ಮುಂದೆ ಒಂದೇ ಜಗಲಿ. ನಡುನಡುವೆ ಗೋಡೆ. ಒಂದು ಸಂಸಾರಕ್ಕೆ ಒಂದು ಕೋಣೆ, ಹಿಂದೆ ಅಡುಗೆಗೆ ಒಂದಿಷ್ಟು ಜಾಗ. ನಾನು ಹುಟ್ಟಿದ ಲೈನಿನಲ್ಲಿ ನಡುಗೋಡೆಗಳು ಮಾಡಿನ ತನಕ ಹೋಗಿರಲಿಲ್ಲ. ಪಕ್ಕದ ಮನೆಯ ಒಗ್ಗರಣೆಯ ವಾಸನೆ, ಜಗಳ, ಕೂಸಿನ ಅಳು ಎಲ್ಲವೂ ಗೋಡೆಯ ಮೇಲಿಂದ ಹಾದು ಬರುತ್ತಿದ್ದವು. ನನಗೆ ಜ್ವರ ಬಂದರೆ ಮೂರನೇ ಮನೆಯ ಅಕ್ಕನಿಗೆ ಕೆಮ್ಮಿನಿಂದಲೇ ತಿಳಿದು ಕಷಾಯ ಬರುತ್ತಿತ್ತು.

ತೋಟದಲ್ಲಿ ಮನುಷ್ಯರು ಮಲಗುವ ಜಾಗಕ್ಕೆ ಮೂರು ಹೆಸರುಗಳಿದ್ದವು. ಸಾಹುಕಾರರು ಅಥವಾ ಮ್ಯಾನೇಜರು ಇರುವುದು ಬಂಗಲೆ. ರೈಟರು, ಡ್ರೈವರು ಇರುವುದು ಕ್ವಾರ್ಟರ್ಸ್. ಆಳುಗಳು ಇರುವುದು ಲೈನ್. ಬಂಗಲೆ ಎಂದರೆ ಮೂಲದಲ್ಲಿ ಬಂಗಾಳದ ಮಾದರಿಯ ಮನೆ, ಇಂಗ್ಲಿಷರ ಬಾಯಿಂದ ತಿರುಗಿ ನಮಗೆ ಬಂತು. ಕ್ವಾರ್ಟರ್ಸ್ ಕೂಡ ಲೈನಿನ ಹಾಗೆ ಸೈನ್ಯದವರ ಬಳಕೆಯಲ್ಲಿದ್ದ ಮಾತು. ಯಾರದು ಯಾವ ಅಂತಸ್ತು ಎಂದು ಕೇಳಬೇಕಾಗಿರಲಿಲ್ಲ, ಎಲ್ಲಿದ್ದೀರಿ ಎಂದು ಕೇಳಿದರೆ ಸಾಕು. ಮೂರರ ಪೈಕಿ ಒಂದಕ್ಕೂ ‘ಮನೆ’ ಎಂಬ ಹೆಸರಿಲ್ಲ. ನಾವಾಗಿಯೇ ಲೈನಿನ ಮುಂದೆ ‘ಮನೆ’ ಸೇರಿಸಿಕೊಂಡು ಲೈನ್ ಮನೆ ಎಂದೆವು.

ಬೇರೆ ಸೀಮೆಗಳಲ್ಲಿ ಇದಕ್ಕೆ ಬೇರೆ ಹೆಸರುಗಳಿವೆ. ಕೊಡಗಿನಲ್ಲಿ ನಮ್ಮಂತೆಯೇ ಲೈನ್ ಮನೆ. ವಯನಾಡಿನಲ್ಲಿ ಪಾಡಿ. ಮುನ್ನಾರಿನಲ್ಲಿಯೂ ಶ್ರೀಲಂಕಾದ ತಮಿಳರಲ್ಲಿಯೂ ಲಯಂ. ಅಸ್ಸಾಮಿನಲ್ಲಿ ಲೇಬರ್ ಲೈನ್. ನೋಡಿದರೆ ಎಲ್ಲವೂ ಅದೇ ಉದ್ದನೆಯ ಕಟ್ಟಡ.

ಸ್ವಾತಂತ್ರ್ಯದ ಹೊಸ್ತಿಲಲ್ಲಿ ಸರ್ಕಾರ ಈ ಲೈನ್‌ಗಳ ಕಡೆ ಕಣ್ಣು ಹಾಯಿಸಿತು. ಚಹಾ, ಕಾಫಿ, ರಬ್ಬರ್ ತೋಟಗಳ ಕೂಲಿಗಳ ಸ್ಥಿತಿಯ ಬಗ್ಗೆ ಡಿ.ವಿ. ರೇಗೆ ಅವರು ವಿಚಾರಣೆ ನಡೆಸಿದರು. ಅದರ ವರದಿ 1946ರಲ್ಲಿ ಬಂತು. 1951ರಲ್ಲಿ ಸಂಸತ್ತು ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯನ್ನು ಮಾಡಿತು, 1954ರ ಏಪ್ರಿಲ್‌ನಿಂದ ಜಾರಿಗೆ ಬಂತು. ಕುಡಿಯುವ ನೀರು, ಕಕ್ಕಸು, ವೈದ್ಯಕೀಯ ಸೌಲಭ್ಯ, ಶಿಶುವಿಹಾರ, ಮಕ್ಕಳ ಶಿಕ್ಷಣ ಎಲ್ಲದರ ಮಾತೂ ಅದರಲ್ಲಿದೆ. ಅದರ 15ನೇ ಕಲಮಿನ ಪ್ರಕಾರ, ತೋಟದಲ್ಲೇ ವಾಸವಿರುವ ಪ್ರತಿ ಕಾರ್ಮಿಕನಿಗೂ ಅವನ ಕುಟುಂಬಕ್ಕೂ ವಸತಿ ಒದಗಿಸಿ ಅದನ್ನು ಸುಸ್ಥಿತಿಯಲ್ಲಿಡುವುದು ಮಾಲೀಕನ ಕರ್ತವ್ಯವಾಗಿತ್ತು. ತೋಟದ ಹೊರಗಿರುವವನೂ ಆರು ತಿಂಗಳು ಸತತ ಕೆಲಸ ಮಾಡಿ ಬರವಣಿಗೆಯಲ್ಲಿ ಕೇಳಿದರೆ ಅವನಿಗೂ ವಸತಿ ಕೊಡಬೇಕಿತ್ತು.

ಮೊದಲು ಈ ಕಾಯ್ದೆ 25 ಎಕರೆ ಮತ್ತು 30 ಆಳುಗಳಿಗಿಂತ ಕಡಿಮೆಯಿಲ್ಲದ ತೋಟಗಳಿಗೆ ಅನ್ವಯಿಸುತ್ತಿತ್ತು. 1981ರ ತಿದ್ದುಪಡಿ ಅದನ್ನು 5 ಹೆಕ್ಟೇರ್ ಮತ್ತು 15 ಆಳುಗಳಿಗೆ ಇಳಿಸಿತು. ಮಾಲೀಕ ಕೊಟ್ಟ ಮನೆ ಕುಸಿದು ಯಾರಾದರೂ ಸತ್ತರೆ, ಗಾಯಗೊಂಡರೆ ಪರಿಹಾರ ಕೊಡಬೇಕೆಂಬ ನಿಯಮ ಸೇರಿದ್ದೂ ಆಗಲೇ. ಪ್ರಕೃತಿ ವಿಕೋಪದಿಂದ ಕುಸಿದರೆ ಆ ಹೊಣೆ ಇಲ್ಲ. ಜುಲೈ ತಿಂಗಳಿನಲ್ಲಿ ಕಳಸದ ಕಡೆ ಗೋಡೆ ಕುಸಿದರೆ ಅದು ಮಳೆಯ ತಪ್ಪೋ ಗೋಡೆಯ ತಪ್ಪೋ ಎಂದು ಹೇಳುವುದು ಎಷ್ಟು ಕಷ್ಟವೆಂದು ಮಲೆನಾಡಿನವರಿಗೆ ವಿವರಿಸಬೇಕಿಲ್ಲ.

ಗಮನಿಸಬೇಕಾದ ಸಂಗತಿಯೆಂದರೆ, 15ನೇ ಕಲಮಿನಲ್ಲಿ ಲೈನ್ ಎಂಬ ಪದವಿಲ್ಲ, ವಸತಿ ಎಂದಿದೆ. ಕಾನೂನು ಮಾತು ಬದಲಿಸಿ 70 ವರ್ಷ ಕಳೆದರೂ ನಮ್ಮ ನಾಲಿಗೆ ಬದಲಿಸಲಿಲ್ಲ. ಇದಕ್ಕೆ ಅಭ್ಯಾಸಬಲ ಒಂದೇ ಕಾರಣವಲ್ಲ ಎಂದು ನನಗೆ ಅರ್ಥವಾದದ್ದು ತಡವಾಗಿ. ಈ ವಸತಿ ಕೆಲಸದ ಜೊತೆ ಕಟ್ಟಿಹಾಕಿದ ವಸತಿ. ಕೆಲಸ ಇರುವ ತನಕ ಮನೆ. ಮೂವತ್ತು ವರ್ಷ ಒಂದೇ ಒಲೆಯ ಮುಂದೆ ಅನ್ನ ಬೇಯಿಸಿದರೂ ಆ ಒಲೆ ನಮ್ಮದಲ್ಲ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಗುಡಿಸಲು ಕಳೆದುಕೊಂಡು ಹೋರಾಟಕ್ಕೆ ಕುಳಿತ ಆದಿವಾಸಿಗಳಲ್ಲಿ ಲೈನ್ ಮನೆ ಬಿಟ್ಟು ಬಂದವರೂ ಇದ್ದರು. ತಮ್ಮದೆನ್ನುವ ಒಂದು ಸೂರು ಬೇಕೆಂಬುದೇ ಅವರ ಬೇಡಿಕೆಯಾಗಿತ್ತು.

ನನ್ನ ಸ್ವಂತ ಅನುಭವ ಇಷ್ಟು ದೊಡ್ಡದಲ್ಲ. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಮೊದಲ ಕೆಲಸಕ್ಕೆ ಸೇರಿದಾಗ, ಕೊಟ್ಟ ವಿಳಾಸ ನಿಜವೇ ಎಂದು ಪರಿಶೀಲಿಸಲು ಯಾರೋ ಒಬ್ಬರು ಫೋನ್ ಮಾಡಿದರು. ಡೋರ್ ನಂಬರ್ ಕೇಳಿದರು. ಇಲ್ಲ ಎಂದೆ. ಬೀದಿಯ ಹೆಸರು ಕೇಳಿದರು. ಬೀದಿಯೂ ಇಲ್ಲ, ‘ಕೆಳಗಿನ ಲೈನ್, ನಾಲ್ಕನೇ ಮನೆ’ ಎಂದೆ. ‘ಯಾವ ಲೈನ್ ಸರ್, ರೈಲ್ವೆ ಲೈನಾ?’ ಎಂದು ಅವರು ಪಾಪ ಸಹಜವಾಗಿಯೇ ಕೇಳಿದರು. ಎಂಟನೇ ತರಗತಿಯಲ್ಲಿ ಹೇಳದಿದ್ದುದನ್ನು ಅಂದು ಗುರುತಿಲ್ಲದವರೊಬ್ಬರಿಗೆ ಹತ್ತು ನಿಮಿಷ ವಿವರಿಸಿದೆ. ನನ್ನ ಉದ್ಯೋಗದಲ್ಲಿ ದಿನವಿಡೀ ಲೈನ್‌ಗಳದ್ದೇ ಲೆಕ್ಕ. ಪ್ರೋಗ್ರಾಮಿನ ಪ್ರತಿ ಸಾಲಿಗೂ ಒಂದು ನಂಬರ್ ಇರುತ್ತದೆ, ತಪ್ಪು ಎಲ್ಲಿದೆ ಎಂದು ಹೇಳುವುದು ಆ ನಂಬರಿನಿಂದಲೇ. ಒಂದು ಸಂಸಾರ ವಾಸವಾಗಿದ್ದ ಲೈನಿಗೆ ಮಾತ್ರ ನಂಬರ್ ಇರಲಿಲ್ಲ.

ಸಂಚಿಕೆಯ ಕೆಲಸಕ್ಕಾಗಿ ಬಂದಾಗ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಶಾಲೆಯ ಹಳೆಯ ದಾಖಲಾತಿ ರಿಜಿಸ್ಟರುಗಳನ್ನು ನೋಡಿದೆ. ರಟ್ಟು ಕಿತ್ತುಹೋಗಿದೆ, ಮಳೆಗಾಲದ ಥಂಡಿಗೆ ಕೆಲವು ಪುಟಗಳು ಅಂಟಿಕೊಂಡಿವೆ. ನನ್ನ ಪುಟ ಸಿಕ್ಕಿತು. ತಂದೆಯ ಉದ್ಯೋಗ ‘ಕೂಲಿ’, ವಿಳಾಸದ ಜಾಗದಲ್ಲಿ ತೋಟದ ಹೆಸರು ಮಾತ್ರ. ಆ ದಿನ ನನಗೆ ಚೆನ್ನಾಗಿ ನೆನಪಿದೆ. ಬರೆದುಕೊಳ್ಳುತ್ತಿದ್ದವರು ‘ಯಾವ ಲೈನ್?’ ಎಂದು ಕೇಳಿದ್ದರು. ಅಪ್ಪ ‘ಲೈನ್ ಎಲ್ಲ ಬೇಡ ಸಾರ್, ತೋಟದ ಹೆಸರು ಸಾಕು’ ಎಂದಿದ್ದರು. ಅಪ್ಪನಿಗೂ ನನ್ನ ಹಾಗೆಯೇ ನಾಚಿಕೆ ಎಂದು ನಾನು ಇಷ್ಟು ವರ್ಷ ತಿಳಿದುಕೊಂಡಿದ್ದೆ. ಈ ಸಲ ಊರಿಗೆ ಹೋದಾಗ ಕೇಳಿದೆ.

‘ನಾಚಿಕೆ ಎಂತಕ್ಕೆ? ಕದ್ದ ಮನೆಯಾ ಅದು?’ ಎಂದರು ಅಪ್ಪ. ‘ಇವತ್ತು ಈ ಲೈನು, ನಾಳೆ ಮೇಲಿನ ಲೈನಿಗೆ ಹೋಗು ಅಂದ್ರೆ ಹೋಗ್ಬೇಕು. ತೋಟದ ಹೆಸರು ಬರೆದ್ರೆ ಕಾಗದ ಬಂದು ಸೇರ್ತದೆ. ಅಷ್ಟೇ.’

ನಾಚಿಕೆ ನನ್ನದೊಬ್ಬನದೇ ಆಗಿತ್ತು. ಅಪ್ಪನದು ಬರೀ ಲೆಕ್ಕಾಚಾರ. ಕೆಲಸದಿಂದ ಬಿಡುಗಡೆಯಾದ ಮೇಲೆ ಅವರು ಆ ಮನೆ ಖಾಲಿ ಮಾಡುವಾಗ ಅಮ್ಮ ಒಲೆಯನ್ನು ಸಗಣಿಯಿಂದ ಸಾರಿಸಿ, ರಂಗೋಲಿ ಎಳೆದು, ಬೀಗದ ಕೈಯನ್ನು ರೈಟರ ಕೈಗೆ ಕೊಟ್ಟು ಬಂದಿದ್ದರು. ಈಗ ಪೇಟೆಯ ಅಂಚಿನಲ್ಲಿ ಚಿಕ್ಕದೊಂದು ಮನೆ ಇದೆ, ಅದಕ್ಕೆ ಡೋರ್ ನಂಬರೂ ಇದೆ.

ರಿಜಿಸ್ಟರನ್ನು ಮುಂದಕ್ಕೆ ತಿರುಗಿಸುತ್ತಾ ಹೋದರೆ ಕೆಲವು ವರ್ಷಗಳಲ್ಲಿ ತೋಟದ ಹೆಸರಿನ ಪಕ್ಕ ‘ಕೆಳಗಿನ ಲೈನ್’, ‘ಹೊಸ ಲೈನ್’ ಎಂದೂ ಬರೆದಿದೆ. ಆ ಅಕ್ಷರ ಯಾವ ಗುರುಗಳದ್ದೋ, ಅವರಿಗೆ ನಮಸ್ಕಾರ. ಈಚಿನ ಪುಟಗಳಲ್ಲಿ ಮಕ್ಕಳ ಹೆಸರುಗಳು ಬದಲಾಗಿವೆ. ಲೈನಿನ ಹಳಬರ ಮಕ್ಕಳು ನನ್ನ ಹಾಗೆ ಬೆಂಗಳೂರು, ಮಂಗಳೂರು ಸೇರಿದರು. ಖಾಲಿಯಾದ ಕೋಣೆಗಳಿಗೆ ಅಸ್ಸಾಮಿನಿಂದ ಜನ ಬಂದಿದ್ದಾರೆ. ಕನ್ನಡ ಬಾರದ ಅವರಿಗೂ ಲೈನ್ ಎಂಬ ಮಾತು ಹೊಸದಲ್ಲ, ಅವರ ಊರಿನ ಚಹಾ ತೋಟದಲ್ಲಿಯೂ ಅದೇ ಮಾತು. ಅವರ ಮಕ್ಕಳು ಕೆಲವರು ನಮ್ಮ ಶಾಲೆಯಲ್ಲಿ ಕನ್ನಡ ಬರೆಯುತ್ತಿದ್ದಾರೆ.

1951ರ ಕಾಯ್ದೆಯನ್ನು ಈಗ 2020ರ ಕಾರ್ಮಿಕ ಸುರಕ್ಷತಾ ಸಂಹಿತೆಯೊಳಗೆ ಸೇರಿಸಲಾಗಿದೆ. ಹಳೆಯ ಲೈನ್‌ಗಳನ್ನು ಕೆಲವು ಕಡೆ ಕೆಡವಿ ಬಿಡಿ ಮನೆಗಳನ್ನು ಕಟ್ಟಿಸಿದ್ದಾರೆ, ಕೆಲವು ಕಡೆ ಪ್ರವಾಸಿಗರ ಹೋಂಸ್ಟೇ ಮಾಡಿದ್ದಾರೆ. ಕಟ್ಟಡ ಹೋದ ಮೇಲೆ ಅಲ್ಲಿ ಯಾರಿದ್ದರು ಎಂಬುದಕ್ಕೆ ತೋಟದ ಹಾಜರಿ ಪುಸ್ತಕ ಉಳಿಯುವುದು ಅಪರೂಪ. ನಮ್ಮ ಶಾಲೆಯ ರಿಜಿಸ್ಟರುಗಳಲ್ಲಿ ಮಾತ್ರ ಮಗುವಿನ ಹೆಸರು, ತಂದೆತಾಯಿಯ ಹೆಸರು, ಬಂದ ತಾರೀಖು, ಇದ್ದ ಜಾಗ ಐವತ್ತು ವರ್ಷದಷ್ಟು ಉಳಿದಿವೆ.

ಆದ್ದರಿಂದ ಸುವರ್ಣ ಮಹೋತ್ಸವ ಸಮಿತಿಯವರಲ್ಲಿಯೂ ಹಳೆಯ ವಿದ್ಯಾರ್ಥಿ ಮಿತ್ರರಲ್ಲಿಯೂ ಒಂದು ವಿನಂತಿ. ಮುಂದಿನ ಮಳೆಗಾಲದೊಳಗೆ ಈ ರಿಜಿಸ್ಟರುಗಳನ್ನು ಸ್ಕ್ಯಾನ್ ಮಾಡಿಸಿ, ರಟ್ಟು ಹಾಕಿಸಿ, ಒಣಗಿದ ಕಪಾಟಿನಲ್ಲಿ ಇರಿಸೋಣ. ಶಾಲೆ ಒಪ್ಪಿದರೆ ರಜೆ ಹಾಕಿ ಬಂದು ಆ ಕೆಲಸ ಮಾಡಿಕೊಡುವ ಜವಾಬ್ದಾರಿ ನನ್ನದು. ಲೈನಿನಿಂದ ಬಂದವರು ತಮ್ಮ ಲೈನಿನ ಹೆಸರು, ಎಷ್ಟು ಮನೆಗಳಿದ್ದವು, ಪಕ್ಕದಲ್ಲಿ ಯಾರಿದ್ದರು, ಹಿರಿಯರು ಎಲ್ಲಿಂದ ಬಂದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಅದನ್ನೂ ಜೊತೆಗೆ ಸೇರಿಸಬಹುದು.

ನಮ್ಮ ಇಂಗ್ಲಿಷ್ ಮೇಷ್ಟ್ರು ನಿವೃತ್ತರಾಗಿದ್ದಾರೆ. ಈ ಸಂಚಿಕೆ ಅವರ ಕೈ ಸೇರುತ್ತದೆ ಎಂದು ಕೇಳಿದೆ. ಸಾರ್, ಲೈನ್ ಎಂಬ ಪದಕ್ಕೆ ಇನ್ನೂ ಒಂದು ಅರ್ಥವಿದೆ: ನಮ್ಮ ಮನೆ. ಸ್ವಂತ ವಾಕ್ಯದಲ್ಲಿ ಪ್ರಯೋಗ: ನಾನು ಕೆಳಗಿನ ಲೈನಿನ ನಾಲ್ಕನೇ ಮನೆಯಿಂದ ನಮ್ಮ ಶಾಲೆಗೆ ಬರುತ್ತಿದ್ದೆ.